ಬಣ್ಣಕ್ಕಿಂತ ಮೊದಲು ತಗಡು

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ನಾನು ಮನಸೋತ ಕಾರು ಎಂಜಿಬಿ ರೋಡ್‌ಸ್ಟರ್. ಅಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ, ಮುಚ್ಚಿದ ಜಿಟಿ ಮಾದರಿಯೂ ಸೇರಿ, 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ನನಗೆ ಸಿಕ್ಕಿದ್ದು 1972ರ ಗಾಡಿ. ಶೆಡ್ಡಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಂತು ತುಕ್ಕು ಹಿಡಿದಿತ್ತು. ಮನೆಯ ಗ್ಯಾರೇಜಿನಲ್ಲೇ ಅದನ್ನು ರಿಪೇರಿ ಮಾಡುತ್ತಾ ಕಲಿತದ್ದನ್ನು, ಇಂಥ ಕೆಲಸಕ್ಕೆ ಕೈಹಾಕಲಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ತಗಡು. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುತ್ತದೆ. ಮೇಲೆ ಛಾವಣಿಯೂ ಇಲ್ಲವಾದ್ದರಿಂದ ಬಾಗಿಲ ಕೆಳಗಿನ ಸಿಲ್‌ಗಳೇ ಮನೆಗೆ ತೊಲೆಯಿದ್ದಂತೆ. ಅಲ್ಲಿ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಒಳಗಿರುವುದು ತಗಡಲ್ಲ, ಪುಟ್ಟಿ. ನನ್ನ ಗಾಡಿಯ ಎಡಗಡೆಯ ಸಿಲ್ ಹೊರಗೆ ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಒಳಹೋಯಿತು. ಹೊರ ಸಿಲ್ ಕತ್ತರಿಸಿದಾಗ ನಡುವಿನ ತಗಡೂ ಪುಡಿಪುಡಿಯಾಗಿ ಉದುರಿತು. ಆದ್ದರಿಂದ ಹೊರಗಿನ ತಗಡೊಂದನ್ನೇ ಬದಲಿಸಿ ಕೆಲಸ ಮುಗಿಯಿತೆಂದುಕೊಳ್ಳುವಂತಿಲ್ಲ.

ಸಿಲ್ ಕತ್ತರಿಸುವ ಮುನ್ನ ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಲೇಬೇಕು. ಇಲ್ಲವಾದರೆ ಬಾಡಿ ನಡುವೆ ಕುಸಿದು, ಮುಂದೆ ಬಾಗಿಲು ಸರಿಯಾಗಿ ಮುಚ್ಚುವುದೇ ಇಲ್ಲ. ಹೊಸ ಸಿಲ್ಲನ್ನು ಪೂರ್ತಿ ವೆಲ್ಡ್ ಮಾಡುವ ಮೊದಲು ಬಾಗಿಲು ಜೋಡಿಸಿ, ಸುತ್ತಲಿನ ಸಂದು ಸಮನಾಗಿದೆಯೇ ಎಂದು ನೋಡಿಕೊಳ್ಳಿ.

ಎಂಜಿನ್ ಅಷ್ಟು ಕಾಡುವುದಿಲ್ಲ. ಇದರ 1798 ಸಿಸಿ ಎಂಜಿನ್ಗೂ ನಮ್ಮ ಹಳೆಯ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ಗೂ ಮೂಲ ಒಂದೇ, ಬಿಎಂಸಿ ಕಂಪನಿಯ ಬಿ-ಸೀರೀಸ್. ಬಹಳ ದಿನ ನಿಂತ ಎಂಜಿನ್ಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರ್‌ಗಳಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಬಿಟ್ಟು ಸ್ಪ್ಯಾನರ್‌ನಿಂದ ಕೈಯಲ್ಲೇ ತಿರುಗಿಸಿ. ನನ್ನದು ಮೊದಲು ಬಿಗಿಯಾಗಿದ್ದು, ಆಮೇಲೆ ನಿಧಾನಕ್ಕೆ ಸಡಿಲವಾಯಿತು.

ವೈರಿಂಗ್ ಕಂಡು ಹೆದರುವವರು ಬಹಳ. ಈ ಕಾರಿನಲ್ಲಿರುವ ಲ್ಯೂಕಾಸ್ ಕಂಪನಿಯ ವೈರಿಂಗ್‌ನಲ್ಲಿ ಬಣ್ಣಕ್ಕೊಂದು ಅರ್ಥವಿದೆ: ಕಂದು ತಂತಿಯಲ್ಲಿ ಯಾವಾಗಲೂ ಕರೆಂಟ್, ಬಿಳಿಯಲ್ಲಿ ಕೀ ತಿರುಗಿಸಿದಾಗ ಮಾತ್ರ, ಹಸಿರು ಎಂದರೆ ಅದೇ ಕರೆಂಟ್ ಫ್ಯೂಸ್ ದಾಟಿ ಬಂದದ್ದು, ಕಪ್ಪು ಎಂದರೆ ಅರ್ಥಿಂಗ್. ಇಷ್ಟು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ನನ್ನ ಕಾರಿನ ಮಂಕು ದೀಪಗಳು, ಅರ್ಥಿಂಗ್ ಬೋಲ್ಟುಗಳ ತುಕ್ಕನ್ನು ಉಜ್ಜಿ ತೆಗೆದದ್ದೇ ತಡ, ಸರಿಹೋದವು.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಅದರಿಂದ ಒಳಗಿನ ಪಿಸ್ಟನ್‌ಗಳು ತುಕ್ಕು ಹಿಡಿದು ಜಾಮ್ ಆಗುತ್ತವೆ. ರಬ್ಬರ್ ಹೋಸ್, ಸೀಲ್‌ಗಳನ್ನೆಲ್ಲ ಹೊಸದಾಗಿಯೇ ಹಾಕಿ. ಪೆಟ್ರೋಲ್ ಪೈಪುಗಳೂ ಹಾಗೆಯೇ; ಇಲ್ಲಿ 2021ರಿಂದ ಬಳಕೆಗೆ ಬಂದ ಶೇ. 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಹಾಳುಮಾಡುತ್ತದೆ.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಹಾಗೆಂದು ಹೊಣೆ ಕಡಿಮೆಯಾಗುವುದಿಲ್ಲ. ಪೂರ್ತಿ ಮಾಲೀಕರ ಹೆಗಲಿಗೆ ಬೀಳುತ್ತದೆ. ನಾನಂತೂ ಪ್ರತಿವರ್ಷ ತಪ್ಪದೆ ತಪಾಸಣೆ ಮಾಡಿಸುತ್ತೇನೆ. ಕೈಯಲ್ಲಿರುವ ಹಣವನ್ನು ಮೊದಲು ಸಿಲ್, ಬ್ರೇಕ್, ವೈರಿಂಗ್‌ಗೆ ಹಾಕಿ. ಬಣ್ಣವನ್ನು ಮುಂದಿನ ವರ್ಷ ಹೊಡೆಸಿದರೂ ನಡೆಯುತ್ತದೆ.