ಉಗ್ರಾಣ ಬೇರೆ, ಅಡುಗೆಯವರು ಬೇರೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 66. ನಮ್ಮನೆಯವರು ತೀರಿಕೊಂಡು ನಾಲ್ಕು ವರ್ಷ ಕಳೆಯಿತು. ಯಕ್ಷಗಾನ, ತಾಳಮದ್ದಳೆ ಅಂದರೆ ಅವರಿಗೆ ಊಟವೂ ಬೇಡ. ಇಂಟರ್‌ನೆಟ್ಟಿನಲ್ಲಿ ಯಾರು ಯಾವ ಪ್ರಸಂಗದ ಬಗ್ಗೆ, ಯಾವ ಅರ್ಥಧಾರಿಯ ಬಗ್ಗೆ ಬರೆದರೂ ಅದನ್ನು ಕಂಪ್ಯೂಟರಿನಲ್ಲಿ ತೆಗೆದಿಡುತ್ತಿದ್ದರು. ಫೈರ್‌ಫಾಕ್ಸಿನಲ್ಲಿ ಸ್ಕ್ರ್ಯಾಪ್‌ಬುಕ್ ಅಂತ ಒಂದಿತ್ತು, ಎಡಗಡೆ ಪಟ್ಟಿ ಬರುತ್ತಿತ್ತು. ಮಾನಿಟರಿನ ಅಂಚಿಗೆ ‘ಅಪ್‌ಡೇಟ್ ಕೇಳಿದರೆ ಕೊಡಬೇಡ’ ಎಂದು ಚೀಟಿ ಬರೆದು ಅಂಟಿಸಿದ್ದಾರೆ. ನಾನು ಕೊಟ್ಟಿಲ್ಲ. ಅದು ಇನ್ನೂ 56 ಅಂತಲೇ ತೋರಿಸುತ್ತದೆ. ವಿಂಡೋಸ್ 10 ಇದೆ. ಈಗ ಪಿಂಚಣಿ ನೋಡಲು ಬ್ಯಾಂಕಿನ ತಾಣ ತೆರೆದರೆ ‘ನಿಮ್ಮ ಬ್ರೌಸರ್ ಹಳೆಯದು’ ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ಎಡಗಡೆಯ ಪಟ್ಟಿಯೂ ಕೆಲವು ತಿಂಗಳಿಂದ ಕಾಣುತ್ತಿಲ್ಲ. ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ‘ಅತ್ತೆ, ಎಲ್ಲ ತೆಗೆದು ಫಾರ್ಮ್ಯಾಟ್ ಮಾಡಿ ಹೊಸದು ಹಾಕಿಕೊಡ್ತೇನೆ’ ಅನ್ನುತ್ತಾನೆ. ಹೊಸದು ಹಾಕಿದರೆ ಅವರು ಕೂಡಿಟ್ಟಿದ್ದೆಲ್ಲ ಹೋಗುತ್ತದೆಯೇ? ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಹಾಕಲು ಬರುತ್ತದೆಯೇ? ಇಷ್ಟು ಸಣ್ಣ ವಿಷಯಕ್ಕೆ ನಿದ್ದೆ ಕೆಡಿಸಿಕೊಂಡಿದ್ದೇನೆ ಎಂದು ಯಾರಿಗೂ ಹೇಳಿಲ್ಲ.
— ಹೆಸರು ಬೇಡ, ಶಿರಸಿ

ಉತ್ತರ: ಮೊದಲು ನಿದ್ದೆಯ ವಿಷಯ ಮುಗಿಸೋಣ. ನಿಮ್ಮವರು ಕೂಡಿಟ್ಟದ್ದು ಹೋಗಿರುವ ಸಂಭವ ತೀರ ಕಡಿಮೆ. ಹಳೆಯದರ ಪಕ್ಕದಲ್ಲಿ ಹೊಸದನ್ನು ಹಾಕಲೂ ಬರುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಒಂದೇ ಪದ: ಫಾರ್ಮ್ಯಾಟ್. ಈ ಉತ್ತರ ಓದಿ ಮುಗಿಸುವ ತನಕ ಅಣ್ಣನ ಮಗನಿಗೆ ಅವಲಕ್ಕಿ, ಚಹಾ ಏನಾದರೂ ಕೊಟ್ಟು ಜಗಲಿಯಲ್ಲೇ ಕೂರಿಸಿರಿ.

ಬ್ರೌಸರ್ ಎಂದು ನಾವು ಒಂದೇ ಹೆಸರಿನಿಂದ ಕರೆದರೂ ಅಲ್ಲಿರುವುದು ಎರಡು. ಅಡುಗೆಯವರು ಬೇರೆ, ಉಗ್ರಾಣ ಬೇರೆ. ಅಡುಗೆಯವರು ಅಂದರೆ ಫೈರ್‌ಫಾಕ್ಸ್ ಎಂಬ ಪ್ರೋಗ್ರಾಂ. ಅದು ಸಿ ಡ್ರೈವಿನ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿ ಇರುತ್ತದೆ. ಉಗ್ರಾಣ ಅಂದರೆ ‘ಪ್ರೊಫೈಲ್’ ಎಂಬ ಇನ್ನೊಂದು ಫೋಲ್ಡರ್. ಬುಕ್‌ಮಾರ್ಕು, ಪಾಸ್‌ವರ್ಡು, ಆ್ಯಡ್‌ಆನ್‌ಗಳು (ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ಸಾಧನಗಳು, ಸ್ಕ್ರ್ಯಾಪ್‌ಬುಕ್ ಅಂಥದ್ದೊಂದು), ನಿಮ್ಮವರ ಸಂಗ್ರಹ ಎಲ್ಲ ಇರುವುದು ಅಲ್ಲಿ. ಅಡುಗೆಯವರನ್ನು ಬದಲಾಯಿಸಿದ ಮಾತ್ರಕ್ಕೆ ಉಗ್ರಾಣ ಖಾಲಿಯಾಗುವುದಿಲ್ಲ. ಆದರೆ ಹೊಸಬರು ಬಂದವರೇ ಡಬ್ಬಿಗಳನ್ನು ತಮಗೆ ಬೇಕಾದಂತೆ ಜೋಡಿಸಿ, ಬೀಗವನ್ನೂ ಬದಲಾಯಿಸಿಬಿಡುತ್ತಾರೆ. ಮರುದಿನ ಹಳಬರು ಒಳಗೆ ಹೋದರೆ ಅವರಿಗೆ ಉಪ್ಪಿನ ಭರಣಿಯೂ ಸಿಗುವುದಿಲ್ಲ. ಇದು ಬರೀ ಉಪಮೆಯಲ್ಲ. 58ನೇ ಆವೃತ್ತಿಯಲ್ಲಿ ಪಾಸ್‌ವರ್ಡುಗಳ ಬೀಗದ ಫೈಲೇ ಬೇರೆಯಾಯಿತು. ಹಾಗಾಗಿ ಎರಡನ್ನೂ ಇಟ್ಟುಕೊಳ್ಳುವವರು ಒಂದು ನಿಯಮ ಪಾಲಿಸಿದರೆ ಸಾಕು: ಒಂದೇ ಉಗ್ರಾಣಕ್ಕೆ ಇಬ್ಬರನ್ನು ಬಿಡಬಾರದು.

ಈ ನಿಯಮ ನನಗೆ ಪುಸ್ತಕದಿಂದ ಬಂದದ್ದಲ್ಲ. 2017ರ ನವೆಂಬರಿನಲ್ಲಿ, ಕೈಯಲ್ಲಿ ಚಹಾ ಹಿಡಿದುಕೊಂಡು, ‘ಅಪ್‌ಡೇಟ್’ ಎಂದದ್ದನ್ನು ಒತ್ತಿದೆ. ಬಂದದ್ದು 57. ನನ್ನ ಆ್ಯಡ್‌ಆನ್‌ಗಳೆಲ್ಲ ‘ಲೆಗಸಿ’ ಎಂಬ ಹಳದಿ ಪಟ್ಟಿ ಕಟ್ಟಿಕೊಂಡು ಮೂಲೆ ಸೇರಿದವು. ಸಿಟ್ಟಿನಲ್ಲಿ 56ನ್ನು ಮತ್ತೆ ಹಾಕಿ, ಅದೇ ಪ್ರೊಫೈಲಿನಲ್ಲಿ ತೆರೆದೆ. ಬುಕ್‌ಮಾರ್ಕುಗಳಲ್ಲಿ ಅರ್ಧ ಇವೆ, ಅರ್ಧ ಇಲ್ಲ. ತಪ್ಪು ಪೂರ್ತಿ ನನ್ನದೇ. ಉಗ್ರಾಣದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇದ್ದಿದ್ದರೆ ಹತ್ತು ನಿಮಿಷದ ಕೆಲಸ ಅದು.

ನಿಮ್ಮವರ ಚೀಟಿಯ ಅರ್ಥ ಈಗ ನಿಮಗೂ ಹೊಳೆದಿರಬಹುದು. 2017ರ ನವೆಂಬರ್ 14ರಂದು ಬಂದ 57ನೇ ಆವೃತ್ತಿ ಹಳೆಯ ಬಗೆಯ ಆ್ಯಡ್‌ಆನ್‌ಗಳನ್ನು ಒಟ್ಟಾಗಿ ಕೈಬಿಟ್ಟಿತು. ಅವು ಬ್ರೌಸರಿನ ಒಳಗೆಲ್ಲ ಕೈ ಹಾಕಬಲ್ಲಂಥವು. ಅದರಿಂದ ಬ್ರೌಸರ್ ನಿಧಾನವಾಗುತ್ತಿತ್ತು, ಸುರಕ್ಷತೆಗೂ ಧಕ್ಕೆ. ಕೈಬಿಟ್ಟದ್ದಕ್ಕೆ ಕಾರಣವಿತ್ತು. ಆದರೆ ಸ್ಕ್ರ್ಯಾಪ್‌ಬುಕ್ ನಂಬಿದವರ ಪಾಲಿಗೆ ಅದು ರಾತ್ರೋರಾತ್ರಿ ಮುಚ್ಚಿದ ಗ್ರಂಥಾಲಯ. ನಿಮ್ಮನೆಯವರು 56ರಲ್ಲೇ ನಿಂತರು. ತಿಳಿದೇ ನಿಂತರು.

ಹಾಗಿದ್ದರೆ ಪಟ್ಟಿ ಈಗ ಯಾಕೆ ಮಾಯವಾಯಿತು? ಪ್ರತಿ ಆ್ಯಡ್‌ಆನ್‌ಗೂ ಫೈರ್‌ಫಾಕ್ಸಿನ ತಯಾರಕರಾದ ಮೊಜಿಲ್ಲಾದವರ ಡಿಜಿಟಲ್ ರುಜು ಇರುತ್ತದೆ. ಆ ರುಜುವಿನ ಹಿಂದಿರುವ ಮೂಲ ಪ್ರಮಾಣಪತ್ರದ ಅವಧಿ 2025ರ ಮಾರ್ಚ್ 14ಕ್ಕೆ ಮುಗಿಯಿತು. ಹಳೆಯ ಆವೃತ್ತಿಗಳಲ್ಲಿ ಆ್ಯಡ್‌ಆನ್‌ಗಳು ನಿಲ್ಲಬಹುದು ಎಂದು ಅವರು ಮೊದಲೇ ಎಚ್ಚರಿಸಿದ್ದರು. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. 2019ರ ಮೇ 4ರಂದೂ ಇಂಥದ್ದೇ ಒಂದು ಅವಾಂತರವಾಗಿ ಲೋಕದ ತುಂಬ ಆ್ಯಡ್‌ಆನ್‌ಗಳು ಏಕಾಏಕಿ ನಿಂತಿದ್ದವು. ಆಗ ನಿಮ್ಮವರು ಹೇಗೋ ಸರಿಮಾಡಿಕೊಂಡಿರಬೇಕು. ಅಂತೂ ನಿಂತಿರುವುದು ಪಟ್ಟಿ ತೋರಿಸುವ ಸಾಧನ. ಪುಟಗಳು ಇದ್ದಲ್ಲೇ ಇವೆ. (ಕಂಪ್ಯೂಟರಿನ ದಿನಾಂಕ ಹಿಂದಕ್ಕೆ ತಿರುಗಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ತಾರೀಖು ತಪ್ಪಿದ ಕಂಪ್ಯೂಟರು ಬ್ಯಾಂಕಿನ ತಾಣವನ್ನೂ ನಂಬುವುದಿಲ್ಲ.)

ಇನ್ನು ಕೆಲಸ. ಹಳೆಯ ಫೈರ್‌ಫಾಕ್ಸ್ ತೆರೆದು ‘ಹೆಲ್ಪ್’ ಮೆನುವಿನಲ್ಲಿ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಒತ್ತಿ. ಅದರ ಕೆಳಗೇ ಇರುವ ‘ಅಬೌಟ್’ ಕಡೆಗೆ ಮತ್ತೆ ಹೋಗಬೇಡಿ, ಅಲ್ಲಿ ಅಪ್‌ಡೇಟ್ ಗುಂಡಿ ಕಾದಿರುತ್ತದೆ. ಈಗ ತೆರೆದ ಪುಟದಲ್ಲಿ ‘ಪ್ರೊಫೈಲ್ ಫೋಲ್ಡರ್’ ಎಂದಿರುವ ಸಾಲಿನ ಎದುರು ‘ಓಪನ್ ಫೋಲ್ಡರ್’ ಎಂಬ ಗುಂಡಿ ಇದೆ. ಒತ್ತಿದರೆ ಉಗ್ರಾಣದ ಬಾಗಿಲೇ ತೆರೆಯುತ್ತದೆ. ಅದರಲ್ಲಿ ‘ಸ್ಕ್ರ್ಯಾಪ್‌ಬುಕ್’ ಎಂಬ ಫೋಲ್ಡರ್, ಅದರೊಳಗೆ ‘ಡೇಟಾ’ ಎಂಬ ಫೋಲ್ಡರ್ ಇರಬೇಕು. ಇಲ್ಲವಾದರೆ ಗಾಬರಿ ಬೇಡ. ಸ್ಕ್ರ್ಯಾಪ್‌ಬುಕ್ಕಿನಲ್ಲಿ ಸಂಗ್ರಹವನ್ನು ಬೇರೆ ಕಡೆ ಇಡುವ ಸೌಲಭ್ಯವೂ ಇತ್ತು, ಅವರು ಡಿ ಡ್ರೈವಿನಲ್ಲಿ ಇಟ್ಟಿರಬಹುದು. ಸ್ಕ್ರ್ಯಾಪ್‌ಬುಕ್ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಇಡೀ ಕಂಪ್ಯೂಟರಿನಲ್ಲಿ ಹುಡುಕಿಸಿ.

‘ಡೇಟಾ’ ಒಳಗೆ ನಿಮಗೆ ಕಾಣುವುದು ಉದ್ದುದ್ದ ಅಂಕಿಗಳ ಹೆಸರು ಹೊತ್ತ ಫೋಲ್ಡರುಗಳು, ಒಂದೊಂದಕ್ಕೂ 14 ಅಂಕಿ. ನೋಡಿದರೆ ಅರ್ಥವಿಲ್ಲದ್ದು ಅನ್ನಿಸುತ್ತದೆ. ಬಿಡಿಸಿ ಓದಿ. ಉದಾಹರಣೆಗೆ 20130817221405 ಎಂದಿದ್ದರೆ 2013ನೇ ಇಸವಿ, 08ನೇ ತಿಂಗಳು, 17ನೇ ತಾರೀಖು, ರಾತ್ರಿ 10 ಗಂಟೆ 14 ನಿಮಿಷ 5 ಸೆಕೆಂಡು. ಆ ಪುಟವನ್ನು ಅವರು ಉಳಿಸಿದ ಹೊತ್ತು ಅದು. ಫೋಲ್ಡರ್ ತೆರೆದು ‘ಇಂಡೆಕ್ಸ್’ ಎಂಬ ಫೈಲನ್ನು ಎರಡು ಸಲ ಕ್ಲಿಕ್ ಮಾಡಿದರೆ ಪುಟ ತೆರೆಯುತ್ತದೆ, ಚಿತ್ರಗಳ ಸಮೇತ. ಇದಕ್ಕೆ ಸ್ಕ್ರ್ಯಾಪ್‌ಬುಕ್ ಬೇಡ, 56 ಬೇಡ, ಇಂಟರ್‌ನೆಟ್ಟೂ ಬೇಡ. ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ. ಇಷ್ಟು ನೋಡಿದ ಮೇಲೆ ನಿಮ್ಮ ಭಯದಲ್ಲಿ ಮುಕ್ಕಾಲು ಪಾಲು ಅಲ್ಲೇ ಇಳಿಯಬೇಕು.

ಒಂದೆರಡು ಪುಟಗಳಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಂಡರೆ ಅದು ಹಾಳಾದದ್ದಲ್ಲ. ಯೂನಿಕೋಡ್ ಎಲ್ಲೆಡೆ ಬರುವ ಮುಂಚೆ ಕನ್ನಡದ ಎಷ್ಟೋ ತಾಣಗಳು ತಮ್ಮದೇ ಫಾಂಟಿನಲ್ಲಿ ಬರೆಯುತ್ತಿದ್ದವು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಹೀಗೇ ಕಾಣುತ್ತವೆ. ನಿಮ್ಮವರ ಯಂತ್ರದಲ್ಲಿ ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳು ಇನ್ನೂ ಇರಬಹುದು. ‘ಫಾಂಟ್ಸ್’ ಫೋಲ್ಡರಿನ ಒಂದು ಪ್ರತಿಯನ್ನೂ ತೆಗೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಈಗ ಫೈರ್‌ಫಾಕ್ಸ್ ಮುಚ್ಚಿ, ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿ. ಸಾವಿರಾರು ಚಿಕ್ಕ ಚಿಕ್ಕ ಫೈಲುಗಳಿರುವುದರಿಂದ ಗಂಟೆಗಟ್ಟಲೆ ಹಿಡಿಯಬಹುದು. ಹಿಡಿಯಲಿ, ಕಷಾಯ ಕುಡಿದು ಬನ್ನಿ. ಆಮೇಲೆ ಇನ್ನೊಂದು ಪೆನ್‌ಡ್ರೈವಿಗೆ ಮತ್ತೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ. ನಿಮ್ಮ ಅಣ್ಣನ ಮನೆಯಾದೀತು.

ಹೊಸದನ್ನು ಹಾಕುವ ಕೆಲಸ ಅಣ್ಣನ ಮಗನಿಗೇ ಬಿಡಿ. ಅವನಿಗೆ ಹೇಳಬೇಕಾದ್ದು ಸ್ವಲ್ಪ ಇದೆ. ಮೊದಲು ಡೆಸ್ಕ್‌ಟಾಪಿನಲ್ಲಿರುವ ಫೈರ್‌ಫಾಕ್ಸ್ ಚಿಹ್ನೆಯ ಹೆಸರನ್ನು ‘ಹಳೆಯದು’ ಎಂದು ಬದಲಾಯಿಸಲಿ. ಇಲ್ಲದಿದ್ದರೆ ಹೊಸದರ ಚಿಹ್ನೆ ಅದೇ ಹೆಸರಿನಲ್ಲಿ ಬಂದು ಅದರ ಜಾಗದಲ್ಲಿ ಕೂರಬಹುದು. ಹಳೆಯದರ ಸೆಟ್ಟಿಂಗಿನಲ್ಲಿ ‘ಅಪ್‌ಡೇಟ್‌ಗಾಗಿ ಎಂದೂ ನೋಡಬೇಡ’ ಎಂಬುದು ಆಯ್ಕೆಯಾಗಿದೆಯೇ ಎಂದು ಖಚಿತ ಮಾಡಿಕೊಳ್ಳಲಿ. ಮೊಜಿಲ್ಲಾ ತಾಣದಲ್ಲಿ ಕಣ್ಣಿಗೆ ರಾಚುವ ದೊಡ್ಡ ಡೌನ್‌ಲೋಡ್ ಗುಂಡಿ ಕೊಡುವುದು ಪುಟ್ಟ ಇನ್‌ಸ್ಟಾಲರನ್ನು. ಅದು ಎಲ್ಲಿ ಹಾಕಲಿ ಎಂದು ಕೇಳುವುದೇ ಇಲ್ಲ. ಬೇಕಾದ್ದು ಎಲ್ಲ ಭಾಷೆಗಳ ಪಟ್ಟಿ ಇರುವ ಪುಟದಲ್ಲಿ ಸಿಗುವ ಪೂರ್ತಿ ಇನ್‌ಸ್ಟಾಲರ್. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ಅದನ್ನೇ ಆರಿಸಿಕೊಳ್ಳಿ. ಮೆನು ಕನ್ನಡದಲ್ಲಿ ಬಂದರೆ ಹುಡುಗ ತುಸು ತಡವರಿಸಬಹುದು. ತಡವರಿಸಲಿ. ಇನ್‌ಸ್ಟಾಲ್ ಮಾಡುವಾಗ ‘ಕಸ್ಟಮ್’ ಆರಿಸಿ, ಹಳೆಯ ಫೋಲ್ಡರಲ್ಲದೆ ಬೇರೊಂದು ಫೋಲ್ಡರಿನ ಹೆಸರು ಕೊಡಬೇಕು. ಇಡೀ ಕೆಲಸದ ಜೀವ ಇರುವುದು ಆ ಒಂದು ಪರದೆಯಲ್ಲಿ. ಅಲ್ಲಿ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತಿಕೊಂಡು ಹೋದರೆ ಹೊಸದು ಹಳೆಯದರ ಮೇಲೆಯೇ ಕೂತಿರುತ್ತದೆ.

2019ರ ಮೇ ತಿಂಗಳಲ್ಲಿ ಬಂದ 67ನೇ ಆವೃತ್ತಿಯಿಂದ ಈಚೆಗೆ, ಬೇರೆ ಫೋಲ್ಡರಿನಲ್ಲಿ ಹಾಕಿದ ಫೈರ್‌ಫಾಕ್ಸ್ ತನಗಾಗಿ ಪ್ರತ್ಯೇಕ ಪ್ರೊಫೈಲನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಹೊಸದನ್ನು ಮೊದಲ ಸಲ ತೆರೆದಾಗ ಅದು ಖಾಲಿ ಕಾಣುತ್ತದೆ, ಒಂದು ಬುಕ್‌ಮಾರ್ಕೂ ಇರುವುದಿಲ್ಲ. ನಿಮಗೆ ಎದೆ ಧಸಕ್ಕೆನ್ನಬಹುದು. ಆದರೆ ಖಾಲಿ ಇರುವುದೇ ಸರಿಯಾಗಿ ಆಗಿದೆ ಎಂಬುದಕ್ಕೆ ಗುರುತು. ಬದಲಿಗೆ ಹಳೆಯ ಬುಕ್‌ಮಾರ್ಕುಗಳೆಲ್ಲ ಅಲ್ಲೇ ಕಂಡುಬಿಟ್ಟರೆ ತಕ್ಷಣ ಮುಚ್ಚಿ. ಹೊಸಬರು ಹಳೆಯ ಉಗ್ರಾಣಕ್ಕೆ ನುಗ್ಗಿದ್ದಾರೆ ಎಂದು ಅರ್ಥ. ಪೆನ್‌ಡ್ರೈವ್ ಮಾಡಿಸಿದ್ದು ಅಂಥ ಹೊತ್ತಿಗೆಂದೇ. ಎಲ್ಲಾದರೂ ‘ರಿಫ್ರೆಶ್ ಫೈರ್‌ಫಾಕ್ಸ್’ ಎಂಬ ಗುಂಡಿ ಎದುರಾದರೆ ಮುಟ್ಟಬೇಡಿ. ಹೆಸರು ತಂಪಾಗಿದೆ, ಮಾಡುವುದು ಮಾತ್ರ ಆ್ಯಡ್‌ಆನ್‌ಗಳನ್ನು ತೆಗೆದು ಹಳೆಯ ಪ್ರೊಫೈಲನ್ನು ಡೆಸ್ಕ್‌ಟಾಪಿನ ಮೂಲೆಗೆ ಎತ್ತಿ ಹಾಕುವ ಕೆಲಸ.

ಬುಕ್‌ಮಾರ್ಕುಗಳು ಹೊಸದರಲ್ಲೂ ಬೇಕಿದ್ದರೆ ಹಳೆಯದರಿಂದ ಒಂದು ಎಚ್‌ಟಿಎಂಎಲ್ ಫೈಲಾಗಿ ಹೊರತೆಗೆದು ಹೊಸದಕ್ಕೆ ಕೊಡಬಹುದು. ಪಾಸ್‌ವರ್ಡುಗಳನ್ನು ಹಳೆಯದರ ‘ಸೇವ್ಡ್ ಲಾಗಿನ್ಸ್’ ತೆರೆದು ನೋಡಿ, ಬೇಕಾದ ನಾಲ್ಕನ್ನು ಕೈಯಲ್ಲೇ ಮತ್ತೆ ಹಾಕಿಕೊಳ್ಳಿ.

ಇನ್ನು ಮುಂದೆ ಬ್ಯಾಂಕು, ಪಿಂಚಣಿ, ಕರೆಂಟು ಬಿಲ್ಲು ಎಲ್ಲ ಹೊಸದರಲ್ಲಿ. ಈ ಒಂದು ವಿಷಯದಲ್ಲಿ ನಿಮ್ಮ ಬ್ಯಾಂಕಿನ ಪರವಾಗಿದ್ದೇನೆ. 56ಕ್ಕೆ ಸುರಕ್ಷತೆಯ ತೇಪೆ ಬರುವುದು ನಿಂತು ವರ್ಷಗಳಾದವು. ಅದನ್ನು ಹಿಡಿದುಕೊಂಡು ಹಣದ ವ್ಯವಹಾರಕ್ಕೆ ಹೋಗುವುದು, ಬಾಗಿಲ ಚಿಲಕ ಮುರಿದಿರುವುದು ಊರಿಗೆಲ್ಲ ಗೊತ್ತಿರುವ ಮನೆಯಲ್ಲಿ ನಗ ಇಟ್ಟಂತೆ. ಹಳೆಯದನ್ನು ತೆರೆಯಲೇಬೇಕು ಅನ್ನಿಸಿದರೆ ಆಲ್ಟ್ ಕೀಲಿ ಒತ್ತಿ, ಮೇಲೆ ಬರುವ ‘ಫೈಲ್’ ಮೆನುವಿನಲ್ಲಿ ‘ವರ್ಕ್ ಆಫ್‌ಲೈನ್’ ಮಾಡಿಕೊಂಡು ತೆರೆಯಿರಿ. ಎರಡನ್ನೂ ಒಟ್ಟಿಗೆ ತೆರೆಯದಿದ್ದರೆ ನಿಮಗೇ ಗೊಂದಲ ಕಡಿಮೆ.

ಕ್ರೋಮ್ ಇರುವವರೂ ಇದನ್ನೇ ಕೇಳುತ್ತಾರೆ, ಒಂದು ಮಾತು ಅವರಿಗೆ. ಸಾಮಾನ್ಯ ಕ್ರೋಮಿನ ಎರಡು ಆವೃತ್ತಿಗಳನ್ನು ಹೀಗೆ ಅಕ್ಕಪಕ್ಕ ಇಡಲು ಸುಲಭದ ದಾರಿಯಿಲ್ಲ. ಬೀಟಾ, ಕ್ಯಾನರಿ ಮುಂತಾದ ಪ್ರಯೋಗದ ಆವೃತ್ತಿಗಳು ಮಾತ್ರ ತಮ್ಮ ತಮ್ಮ ಉಗ್ರಾಣದೊಂದಿಗೆ ಬೇರೆಯಾಗಿ ಕೂರುತ್ತವೆ. ವಿಂಡೋಸ್ 7ರಲ್ಲೇ ಇರುವವರಿಗೆ ಕ್ರೋಮ್ 109ಕ್ಕೆ, ಫೈರ್‌ಫಾಕ್ಸ್ 115ಕ್ಕೆ ದಾರಿ ಮುಗಿಯುತ್ತದೆ.

ಮತ್ತೆ ನಿಮ್ಮ ವಿಷಯಕ್ಕೆ. ಎಡಗಡೆಯ ಆ ಪಟ್ಟಿ ಮತ್ತೆ ಬೇಕೆಂದರೆ ಅದಕ್ಕೂ ದಾರಿಯಿದೆ. ವೆಬ್‌ಸ್ಕ್ರ್ಯಾಪ್‌ಬುಕ್ ಎಂಬ ಆ್ಯಡ್‌ಆನ್ ಹೊಸ ಫೈರ್‌ಫಾಕ್ಸಿಗೆ ಸಿಗುತ್ತದೆ. ಹಳೆಯ ಸಂಗ್ರಹವನ್ನು ಅದರ ರೂಪಕ್ಕೆ ತರುವ ಸಲಕರಣೆಯೂ ಇದೆ, ಆದರೆ ಸ್ವಲ್ಪ ಕೈಕೆಲಸ ಬೇಡುತ್ತದೆ. ಫಾರ್ಮ್ಯಾಟ್ ಮಾಡಲು ಅಷ್ಟು ಉತ್ಸಾಹ ತೋರಿಸಿದ ಹುಡುಗನಿಗೆ ಈ ಕೆಲಸ ಕೊಡಿ. ಮೂಲದ ಮೇಲೆ ಬೇಡ, ಪೆನ್‌ಡ್ರೈವಿನ ಪ್ರತಿಯ ಮೇಲೆ ಮಾಡಲಿ. ಅವನಿಗೆ ಯಾಕೆ ಬೇಕು ಎಂಬುದನ್ನೂ ಹೇಳಿ. ಆ ಯಂತ್ರದಲ್ಲಿ ಏನಿದೆ ಎಂದು ನೀವು ಹೇಳಿಲ್ಲ, ಅವನು ಕೇಳಿಲ್ಲ. ಅವನ ಕಣ್ಣಿಗೆ ಅದು ನಿಧಾನವಾದ ಹಳೆಯ ಕಂಪ್ಯೂಟರ್, ಅಷ್ಟೇ. ಮಾವ ಒಂದು ರಾತ್ರಿ ಹತ್ತೂ ಕಾಲಿಗೆ ಕೂತು ಉಳಿಸಿದ ಪುಟವೊಂದನ್ನು ಅವನ ಎದುರೇ ತೆರೆದು ತೋರಿಸಿ, ಆಮೇಲೆ ಅವನೇ ಜಾಗ್ರತೆ ಮಾಡುತ್ತಾನೆ.

ಮಾನಿಟರಿನ ಚೀಟಿಯನ್ನು ಮಾತ್ರ ಕೀಳಬೇಡಿ. ಹಳೆಯದಕ್ಕೆ ಅಪ್‌ಡೇಟ್ ಕೊಡಬಾರದು ಎಂಬುದು ಈಗಲೂ ಸರಿಯೇ. ಪಕ್ಕದಲ್ಲಿ ನಿಮ್ಮ ಕೈಬರಹದಲ್ಲಿ ಇನ್ನೊಂದು ಅಂಟಿಸಿ: ‘ಹೊಸದು ಕೇಳಿದರೆ ಕೊಡು.’