ಅಣ್ಣನ ಕಾಯಿಲೆಯನ್ನು ಕುರಿತು ಓದುತ್ತಿರುವ ತಮ್ಮನಿಗೆ



ನಿನ್ನ ಪತ್ರ ತಲಪಿತು. ಅಣ್ಣನಿಗೆ ಬಂದಿರುವುದು ಸ್ಕಿಜೋಫ್ರೀನಿಯಾ ಎಂದು ವೈದ್ಯರು ಹೇಳಿ ಮಾತ್ರೆಗಳನ್ನು ಕೊಟ್ಟ ದಿನದಿಂದ ನೀನು ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲನ್ನು ಹಿಡಿದು ಕುಳಿತಿರುತ್ತೀಯೆಂದೂ, ಅದರಲ್ಲಿ ಒಬ್ಬರು ಇದು ವಾಸಿಯಾಗದ ವ್ಯಾಧಿಯೆಂದರೆ ಇನ್ನೊಬ್ಬರು ಒಂದು ಮಂಡಲ ಕಷಾಯ ಕುಡಿಸಿದರೆ ನಿರ್ಮೂಲವಾಗುವುದೆನ್ನುತ್ತಾರೆಂದೂ, ಈ ನಡುವೆ ಅಣ್ಣನ ಕೈ ನಡುಗತೊಡಗಿರುವುದರಿಂದ, ದೊಡ್ಡಪ್ಪನವರು ವಾಟ್ಸಾಪಿನಲ್ಲಿ ಕಳುಹಿಸಿದ ವಿಡಿಯೊ ಹೇಳುವಂತೆ ಮಾತ್ರೆಯನ್ನು ನಿಲ್ಲಿಸಿಬಿಡೋಣವೆಂದು ಅಮ್ಮ ಹಟ ಹಿಡಿದಿದ್ದಾರೆಂದೂ ಬರೆದಿರುವೆ. ನನ್ನ ತಂಗಿಯು ಇದೇ ವ್ಯಾಧಿಯೊಡನೆ ಬಾಳುತ್ತ ಬಂದವಳಾದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಸಲಿಗೆಯನ್ನು ವಹಿಸುತ್ತೇನೆ. ನಿನ್ನಂತೆಯೇ ಕಂಗೆಟ್ಟಿರುವ ಇತರರಿಗೂ ಉಪಯೋಗವಾಗಲೆಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ನಿನ್ನ ಹೆಸರನ್ನೂ ಊರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ಮಾತ್ರೆಯ ವಿಚಾರ, ಏಕೆಂದರೆ ಅದು ಈ ಹೊತ್ತಿನದು. ರಿಸ್ಪೆರಿಡೋನಿನಂಥ ಔಷಧಗಳು ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ವ್ಯಾಪಾರವನ್ನು ತಗ್ಗಿಸುತ್ತವೆ; ಯಾರೂ ಆಡದ ಮಾತು ಕಿವಿಗೆ ಬೀಳುವುದೂ, ನೆರೆಯವರೆಲ್ಲ ಸಂಚು ಹೂಡುತ್ತಿದ್ದಾರೆಂಬ ನಿರಾಧಾರ ಸಂಶಯವೂ ಶಮನವಾಗುವುದು ಅದರಿಂದಲೇ. ಅದೇ ಕ್ರಿಯೆ ಅಂಗಗಳ ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಿಯೂ ನಡೆದಾಗ ಕೈನಡುಕ, ಸ್ನಾಯುಗಳ ಬಿಗಿತ, ಕುಳಿತಲ್ಲಿ ಕೂರಲಾರದ ಚಡಪಡಿಕೆ ಇವು ಕಾಣಿಸಿಕೊಳ್ಳುತ್ತವೆ. ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನು ಇಳಿಸಿಯೋ, ಔಷಧವನ್ನು ಬದಲಿಸಿಯೋ, ನಡುಕಕ್ಕೆಂದೇ ಇನ್ನೊಂದು ಮಾತ್ರೆಯನ್ನು ಸೇರಿಸಿಯೋ ಇದನ್ನು ಬಹುಮಟ್ಟಿಗೆ ಸರಿಪಡಿಸಬಲ್ಲರು. ಆದರೆ ತೀವ್ರ ಜ್ವರದೊಡನೆ ಮೈ ಮರಗಟ್ಟಿ ಪ್ರಜ್ಞೆ ಮಸುಕಾದರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಆ ವಿಡಿಯೊದವನು ಹೇಳಿದ್ದು ಪೂರ್ತಿ ಸುಳ್ಳಲ್ಲವೆಂಬುದೇ ಅದರ ಅಪಾಯ. ಮಾತ್ರೆಯಿಂದ ನಡುಕ ಬರುತ್ತದೆಂಬುದು ನಿಜ. ನಿಲ್ಲಿಸಿದ ಮೇಲೆ ನಡುಕವೂ ತೂಕಡಿಕೆಯೂ ಕಡಮೆಯಾಗಿ ಅಣ್ಣನು ಗೆಲುವಾಗಿ ಕಾಣಬಹುದೆಂಬುದೂ ನಿಜ. ಆದರೆ ವ್ಯಾಧಿಯು ಮರುಕಳಿಸುವುದು ಅನೇಕ ವೇಳೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಆ ಹೊತ್ತಿಗೆ ಮನೆಯವರು ಕಾರಣವನ್ನು ಮರೆತಿರುತ್ತಾರೆ, ಉಪದೇಶ ಮಾಡಿದವನು ಉತ್ತರ ಹೇಳಲು ಎಲ್ಲಿಯೂ ಇರುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ನಾನು ಅಂಥವರನ್ನು ಕ್ಷಮಿಸಲಾರೆನು.

ಹಾಗಾದರೆ ಯಾವುದನ್ನು ನಂಬಬೇಕೆಂದು ಕೇಳಿರುವೆ. ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುವ ಬರಹವನ್ನು ನಂಬು. ಅಂಥ ಬರಹದಲ್ಲಿ ಬರೆದವರ ಹೆಸರೂ ವಿದ್ಯಾರ್ಹತೆಯೂ, ಅದನ್ನು ಪರಿಷ್ಕರಿಸಿದ ದಿನಾಂಕವೂ ಇರುತ್ತವೆ. ಈ ವ್ಯಾಧಿಯು ಕೆಲವರಲ್ಲಿ ಒಮ್ಮೆ ಬಂದು ಹೋಗುವುದು, ಕೆಲವರಲ್ಲಿ ಆಗಾಗ ಮರುಕಳಿಸುವುದು, ಮತ್ತೆ ಕೆಲವರಲ್ಲಿ ದೀರ್ಘಕಾಲ ನಿಲ್ಲುವುದು ಎಂದು ಬಿಡಿಸಿ ಹೇಳುವ ತಾಳ್ಮೆ ಇರುತ್ತದೆ. ಓದುವವನನ್ನು ಕಡೆಗೆ ವೈದ್ಯರ ಬಳಿಗೇ ಕಳುಹಿಸುವ ಪ್ರಾಮಾಣಿಕತೆ ಇರುತ್ತದೆ. ‘ಎಲ್ಲರಿಗೂ’, ‘ಶಾಶ್ವತವಾಗಿ’, ‘ಗ್ಯಾರಂಟಿ’ ಎಂಬ ಮಾತುಗಳು ಬಂದು, ಅವುಗಳ ಕೆಳಗೆ ಹಣ ಕಳುಹಿಸಬೇಕಾದ ಫೋನ್ ನಂಬರೂ ಇದ್ದರೆ ಅಲ್ಲಿಗೆ ಮುಚ್ಚಿಬಿಡು. ಬೆಂಗಳೂರಿನ ನಿಮ್ಹಾನ್ಸ್, ವಿಶ್ವ ಆರೋಗ್ಯ ಸಂಸ್ಥೆ ಇವು ಪ್ರಕಟಿಸುವ ಮಾಹಿತಿಯಿಂದ ಆರಂಭಿಸು. ಕನ್ನಡದಲ್ಲಿಯೇ ಓದಬೇಕೆಂದರೆ, ವೈದ್ಯರೂ ‘ಕೊರವಂಜಿ’ ಪತ್ರಿಕೆಯ ಸಂಪಾದಕರೂ ಆಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ವೆಂಬ ಪುಸ್ತಕವಿದೆ; ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತೆಂಬುದು ನಮ್ಮ ಭಾಷೆಗೆ ಈ ವಿಷಯ ಹೊಸದಲ್ಲವೆಂಬುದಕ್ಕೆ ಸಾಕ್ಷಿ, ಆದರೆ ಔಷಧದ ಬಗ್ಗೆ ಈಚಿನದನ್ನೇ ನೋಡು. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಜನರಿಗೆಂದೇ ಬರೆದ ಪುಸ್ತಕಗಳು ಯಾವ ಊರಿನ ಗ್ರಂಥಾಲಯದಲ್ಲಾದರೂ ಸಿಗಬಹುದು. ಇನ್ನು ಆನ್‌ಲೈನಿನಲ್ಲಿ ಸಲಹೆ ಕೊಡುವವರಿದ್ದಾರೆ. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನಲ್ಲಿ, ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇರಬೇಕು. ಆ ಸಂಖ್ಯೆಯನ್ನು ಕೇಳುವುದು ಅಗೌರವವಲ್ಲ.

ಓದಿನಿಂದ ತಿಳಿವಳಿಕೆ ಬಂದೀತು, ನಡುರಾತ್ರಿಯಲ್ಲಿ ಸಮಾಧಾನ ಹೇಳುವ ದನಿ ಬಾರದು. ಅದಕ್ಕಾಗಿ 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲಾಗಲಿ ಇರುಳಾಗಲಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಮೊದಲು ಆಪ್ತಸಲಹೆಗಾರರು ಕೇಳಿಸಿಕೊಂಡು, ಅಗತ್ಯವಾದರೆ ತಜ್ಞರಿಗೆ ದಾಟಿಸುತ್ತಾರೆ. ರೋಗಿಯೇ ಕರೆಯಬೇಕೆಂಬ ನಿಯಮವಿಲ್ಲ. ನೀನು ಕರೆಯಬಹುದು, ಅಮ್ಮನಿಂದಲೂ ಮಾತನಾಡಿಸಬಹುದು. ಹಾಗೆ ಮಾಡಿಸೆಂದೇ ನನ್ನ ಸಲಹೆ: ಆ ವಿಡಿಯೊವನ್ನು ಅಲ್ಲಗಳೆಯುವ ನಿನ್ನ ವಾದಕ್ಕಿಂತ, ತಮ್ಮ ಭಯವನ್ನು ಅಡ್ಡಮಾತಿಲ್ಲದೆ ಕೇಳಿಸಿಕೊಳ್ಳುವ ಒಬ್ಬರು ಅವರಿಗೆ ಹೆಚ್ಚು ಬೇಕಾಗಿದ್ದಾರೆ. ಅಣ್ಣನು ಸಾಯುವ ಮಾತನ್ನಾಡಿದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ಒಡನೆಯೇ ಆಸ್ಪತ್ರೆಗೆ ಹೊರಡಿ. ವಾಹನಕ್ಕೆ 108 ಇದೆ.

ಇದೇ ದಾರಿಯಲ್ಲಿ ನಡೆದ ಕುಟುಂಬಗಳ ಸಂಗವನ್ನೂ ಹುಡುಕಿಕೊ. ಬೆಂಗಳೂರಿನ ‘ಅಮೆಂಡ್’ ಇಂಥ ಮನೆಯವರೇ ಕಟ್ಟಿಕೊಂಡ ಸಂಸ್ಥೆ. ಬೆಳಗ್ಗೆ ಹಾಸಿಗೆಯಿಂದ ಏಳಲೊಲ್ಲದವನನ್ನು ಗದರದೆ ಎಬ್ಬಿಸುವುದು ಹೇಗೆ, ಮದುವೆ ಮನೆಯಲ್ಲಿ ನೆಂಟರು ಕೇಳುವ ಪ್ರಶ್ನೆಗೆ ಏನು ಹೇಳುವುದು ಎಂಬುದನ್ನು ಅನುಭವಿಗಳಷ್ಟು ಚೆನ್ನಾಗಿ ಯಾವ ಗ್ರಂಥವೂ ಕಲಿಸದು. ಆದರೆ ಅವರಿಂದ ಮಾತ್ರೆಯ ಪ್ರಮಾಣವನ್ನು ಕಲಿಯಬೇಡ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಸಹಾಯ ಕೇಳುವ ಆತುರದಲ್ಲಿ ಅಣ್ಣನ ಹೆಸರು, ಭಾವಚಿತ್ರ, ವೈದ್ಯರ ಚೀಟಿ ಇವನ್ನು ಗುಂಪುಗಳಲ್ಲಿ ಹಂಚಬೇಡ. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ಕೊಟ್ಟಿರುವ ಗೌಪ್ಯತೆಯ ಹಕ್ಕು ಕಂಪ್ಯೂಟರು ಮೊಬೈಲುಗಳಲ್ಲಿ ಉಳಿಯುವ ಮಾಹಿತಿಗೂ ಅನ್ವಯಿಸುತ್ತದೆ. ಕಾಯಿದೆ ಇಲ್ಲದಿದ್ದರೂ, ನಾಳೆ ಅವನು ಚೇತರಿಸಿಕೊಂಡು ಕೆಲಸಕ್ಕೆ ಅರ್ಜಿ ಹಾಕುವ ದಿನ ಬಂದಾಗ, ಇಂದು ನೀನು ಬರೆದದ್ದು ಎಲ್ಲೋ ಉಳಿದುಕೊಂಡು ಅವನಿಗೆ ಎದುರಾಗಬಾರದು.

ಕಡೆಯದಾಗಿ ಒಂದು ವಿಷಯ. ನಿನ್ನ ದೀರ್ಘ ಪತ್ರದಲ್ಲಿ ಅಮ್ಮ ಏನೆಂದರು, ದೊಡ್ಡಪ್ಪ ಏನೆಂದರು, ಯಾವ ಪುಟದಲ್ಲಿ ಏನಿತ್ತು ಎಂಬುದೆಲ್ಲ ಇದೆ. ಅಣ್ಣನು ಏನೆಂದನೆಂಬುದು ಒಂದು ಸಾಲಿನಲ್ಲಿಯೂ ಇಲ್ಲ. ಅವನು ಶಾಂತನಾಗಿರುವ ಹೊತ್ತು ನೋಡಿ, ನೀನು ಆರಿಸಿದ ಒಂದು ಒಳ್ಳೆಯ ಬರಹವನ್ನು ಅವನ ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದು. ಇದರಲ್ಲಿ ಯಾವುದು ನಿನ್ನ ಅನುಭವಕ್ಕೆ ಸರಿಹೋಗುತ್ತದೆ, ಯಾವುದು ಇಲ್ಲ ಎಂದು ಅವನನ್ನೇ ಕೇಳು. ಅವನು ಹೇಳಿದುದನ್ನು ಅವನ ಮಾತಿನಲ್ಲಿಯೇ ಒಂದು ನೋಟ್‌ಬುಕ್ಕಿನಲ್ಲಿ ಗುರುತುಹಾಕಿಕೊಂಡು, ಮುಂದಿನ ಭೇಟಿಯ ತನಕ ಕಾಯದೆ ಈ ವಾರವೇ ವೈದ್ಯರ ಬಳಿಗೆ ಇಬ್ಬರೂ ಹೋಗಿಬನ್ನಿ. ಅವರು ಏನು ಹೇಳಿದರೆಂಬುದನ್ನು ನನಗೆ ಬರೆ.

ಅಮ್ಮನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇತಿ,
ನಿನ್ನ ಹಿತೈಷಿ