ಅತ್ತೆಯವರನ್ನು ಮರಳುಗಾಡಿಗೆ ಕರೆದೊಯ್ಯಬಹುದೇ?

ಪ್ರವಾಸ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನ ಮೈದುನ ಶಾರ್ಜಾದಲ್ಲಿದ್ದಾನೆ. ದೀಪಾವಳಿ ರಜೆಗೆ ಎಲ್ಲರೂ ಬನ್ನಿ ಎಂದು ಒಂದೇ ಸಮನೆ ಕರೆಯುತ್ತಿದ್ದಾನೆ. ಬಂದ ಮಾರನೇ ದಿನವೇ ಸಂಜೆಯ ಡೆಸರ್ಟ್ ಸಫಾರಿ ಬುಕ್ ಮಾಡುತ್ತೇನೆ ಎನ್ನುತ್ತಾನೆ. ಅತ್ತೆಗೆ 72 ವರ್ಷ, ಸೊಂಟನೋವು ಇದೆ. ಒಂಬತ್ತು ವರ್ಷದ ಮಗಳನ್ನು ಗೋವಾಕ್ಕೆ ಕರೆದೊಯ್ದರೆ ಚೋರ್ಲಾ ಘಾಟ್ ಇಳಿಯುವಷ್ಟರಲ್ಲಿ ಎರಡು ಸಲ ಗಾಡಿ ನಿಲ್ಲಿಸಬೇಕು. ಅಲ್ಲಿ ನಿಜಕ್ಕೂ ಏನೇನು ಇರುತ್ತದೆ? ಇವರಿಬ್ಬರನ್ನೂ ಕರೆದುಕೊಂಡು ಹೋಗಬಹುದೇ?
– ಗೃಹಿಣಿ, ಹಿಂದವಾಡಿ

ಉತ್ತರ: ಹೋಗಬಹುದು. ಆದರೆ ಎಲ್ಲರೂ ಒಂದೇ ಗಾಡಿಯಲ್ಲಿ, ಒಂದೇ ರೀತಿಯಲ್ಲಿ ಹೋಗಬೇಕೆಂಬ ಹಟ ಬೇಡ. ಏಕೆಂದು ಹೇಳುತ್ತೇನೆ.

ಶಾರ್ಜಾದಿಂದ ಹೊರಡುವವರನ್ನು ಮಧ್ಯಾಹ್ನ ಎರಡೂವರೆ ಮೂರಕ್ಕೆಲ್ಲ ಮನೆ ಬಾಗಿಲಿಗೆ ಬಂದು ಕರೆದೊಯ್ಯುತ್ತಾರೆ. ಗಾಡಿ ಸಾಮಾನ್ಯವಾಗಿ ಲ್ಯಾಂಡ್ ಕ್ರೂಸರ್. ಚಾಲಕನನ್ನು ಬಿಟ್ಟು ಆರು ಜನ ಕೂರುತ್ತಾರೆ, ಒಳಗೆ ಕಬ್ಬಿಣದ ರೋಲ್ ಕೇಜ್ ಇರುತ್ತದೆ. ದುಬೈಯಿಂದ ಹತ್ತಾ ಕಡೆಗೆ ಹೋಗುವ ದಾರಿಯಲ್ಲಿರುವ ಲಹಬಾಬ್ ಬಳಿಯ ಕೆಂಪು ಮರಳು ಹೆಚ್ಚು ಹೆಸರುವಾಸಿ. ಆ ಕೆಂಪು ಬಣ್ಣ ಬಂದದ್ದು ಕಬ್ಬಿಣದ ಅಂಶದಿಂದ. ಮರಳಿಗೆ ಇಳಿಯುವ ಮೊದಲು ರಸ್ತೆಬದಿಯ ಒಂದು ಜಾಗದಲ್ಲಿ ಗಾಡಿ ನಿಲ್ಲುತ್ತದೆ. ಅಂಗಡಿ, ಶೌಚಾಲಯ, ಬಾಡಿಗೆಯ ಕ್ವಾಡ್ ಬೈಕ್ ಎಲ್ಲ ಅಲ್ಲೇ. ನೀವು ಇಳಿಯುತ್ತಿದ್ದಂತೆ ಯಾರೋ ನಗುನಗುತ್ತ ತಲೆಗೆ ಅರಬ್ಬೀ ರುಮಾಲು ಸುತ್ತಲು ಬರುತ್ತಾರೆ. ಸುತ್ತಿಸಿಕೊಂಡ ಮೇಲೆ ರೇಟು ಹೇಳುತ್ತಾರೆ. ಬೇಡವಾದರೆ ಕಟ್ಟುವ ಮೊದಲೇ ಬೇಡ ಎನ್ನಿ.

ಆ ಹೊತ್ತಿನಲ್ಲಿ ಮಗಳನ್ನು ಗಾಡಿಯ ಚಕ್ರದ ಹತ್ತಿರ ಕರೆದೊಯ್ಯಿರಿ. ಚಾಲಕ ನಾಲ್ಕೂ ಟೈರುಗಳ ಗಾಳಿ ಬಿಡುತ್ತಿರುತ್ತಾನೆ. ರಸ್ತೆಯ ಮೇಲೆ 35 ಪಿಎಸ್‌ಐ ಆಸುಪಾಸು ಇದ್ದ ಒತ್ತಡವನ್ನು 15–18ಕ್ಕೆ ಇಳಿಸುತ್ತಾನೆ. ಬುಸ್ಸೆನ್ನುವ ಸದ್ದು ನಿಂತಾಗ ಟೈರು ನೆಲದ ಮೇಲೆ ಅಗಲವಾಗಿ ಹರಡಿಕೊಂಡಿರುತ್ತದೆ. ಗಾಡಿಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಚಕ್ರ ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಒಂಟೆಯ ಅಗಲ ಪಾದ ಮಾಡುವುದೂ ಇದೇ ಕೆಲಸ. ಇದನ್ನು ಕಣ್ಣಾರೆ ಕಂಡ ಮಗುವಿಗೆ ಮುಂದಿನ ಓಟದ ಭಯ ಅರ್ಧ ಕಡಿಮೆಯಾಗುತ್ತದೆ.

ಆಮೇಲೆ ದಿಬ್ಬಗಳ ಮೇಲಿನ ಓಟ. ಕಡಿದಾದ ದಿಬ್ಬ ಹತ್ತಿ, ನೆತ್ತಿಯಲ್ಲಿ ಓರೆಯಾಗಿ, ಇನ್ನೊಂದು ಮಗ್ಗುಲಿಗೆ ಜಾರುವುದು. ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆವರೆಗೂ ನಡೆಯುತ್ತದೆ. ಜಾಹೀರಾತುಗಳು ತೋರಿಸುವುದು ಇದನ್ನೇ, ತೊಂದರೆ ಬರುವುದೂ ಇದರಿಂದಲೇ. ಪ್ರತಿ ಇಳಿತದಲ್ಲೂ ಬೆನ್ನುಮೂಳೆಗೆ ಕೆಳಗಿನಿಂದ ಪೆಟ್ಟು ಬೀಳುತ್ತದೆ. ಹರೆಯದವರಿಗೆ ಅದು ಮಜಾ. ವಯಸ್ಸಾಗಿ ಮೂಳೆ ಸವೆದವರ ಬೆನ್ನೆಲುಬಿನಲ್ಲಿ ಅಷ್ಟಕ್ಕೇ ಬಿರುಕು ಬಿಡಬಹುದು. ನಿಮ್ಮ ಅತ್ತೆಯವರು ಈ ಓಟಕ್ಕೆ ಖಂಡಿತ ಬೇಡ. ‘ಡ್ರೈವರಿಗೆ ನಿಧಾನ ಹೋಗು ಅಂತ ಹೇಳ್ತೀವಿ’ ಎಂಬ ಮಾತನ್ನು ನಂಬಬೇಡಿ. ದಿಬ್ಬ ಹತ್ತಲು ವೇಗ ಬೇಕೇ ಬೇಕು, ನಿಧಾನ ಮಾಡಿದರೆ ಗಾಡಿ ಹೂತುಹೋಗುತ್ತದೆ.

ಅದರ ಬದಲು ಮೈದುನನಿಗೆ ಒಂದು ಮಾತು ಹೇಳಿ. ಬುಕ್ ಮಾಡುವಾಗಲೇ ‘ದಿಬ್ಬದ ಓಟ ಬೇಡ, ನೇರ ಕ್ಯಾಂಪಿಗೆ ಬಿಡಿ’ ಎಂದು ಕೇಳಿದರೆ ಬಹಳಷ್ಟು ಕಂಪನಿಯವರು ಬೇರೆ ಗಾಡಿ ಕೊಡುತ್ತಾರೆ. ಅತ್ತೆಯವರ ಜೊತೆ ಮನೆಯವರೊಬ್ಬರು ಅದರಲ್ಲಿ ಹೋಗಲಿ. ಸ್ವಲ್ಪ ಖರ್ಚು ಹೆಚ್ಚಾದೀತು. ಆದರೆ ಪರದೇಶದ ಆಸ್ಪತ್ರೆಯ ಬಿಲ್ಲಿನ ಮುಂದೆ ಅದು ಏನೂ ಅಲ್ಲ. ಇನ್ನೊಂದು ಮಾತು: ಕ್ಯಾಂಪಿನಲ್ಲಿ ನೆಲದ ಮೇಲೆ ದಿಂಬು ಹಾಕಿ ಕೂರಿಸುತ್ತಾರೆ. ಕುರ್ಚಿ ಬೇಕೆಂದು ಮೊದಲೇ ಹೇಳಿಡಿ. ಅತ್ತೆಯವರು ಸೊಂಟನೋವಿಗೆ ಟ್ರಮಡಾಲ್ ಅಥವಾ ಕೊಡೀನ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿ ತೆಗೆದು ಪರೀಕ್ಷಿಸಿ. ಯುಎಇಯಲ್ಲಿ ಅವು ನಿಯಂತ್ರಿತ ಔಷಧಗಳು, ಮುಂಗಡ ಅನುಮತಿ ಇಲ್ಲದೆ ಒಯ್ಯುವಂತಿಲ್ಲ.

ಮಗಳ ವಾಂತಿಗೆ ಉಪಾಯ ಇದೆ. ಮಧ್ಯಾಹ್ನದ ಊಟ ಹಗುರವಾಗಿ, ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ. ಹಿಂದಿನ ಮೂರನೇ ಸಾಲಿನಲ್ಲಿ ಕೂರಿಸಬೇಡಿ, ಅಲ್ಲಿ ಎತ್ತಿಹಾಕುವುದು ಹೆಚ್ಚು. ನಡುವಿನ ಸಾಲು ಒಳ್ಳೆಯದು. ಮೊಬೈಲ್ ಕೈಗೆ ಕೊಡದೆ ದೂರದ ದಿಗಂತ ನೋಡಲು ಹೇಳಿ. ಮಾತ್ರೆಯನ್ನು ನಿಮ್ಮ ಮಕ್ಕಳ ಡಾಕ್ಟರರನ್ನು ಕೇಳಿಯೇ ಕೊಡಿ. ಓಟಕ್ಕೆ ಅರ್ಧ ಗಂಟೆ, ಒಂದು ಗಂಟೆ ಮೊದಲು ಕೊಟ್ಟರೆ ಕೆಲಸ ಮಾಡುತ್ತದೆ, ಹೊಟ್ಟೆ ತೊಳಸಲು ಶುರುವಾದ ಮೇಲೆ ಅಲ್ಲ. ಚೋರ್ಲಾ ಘಾಟಿನ ಅನುಭವ ಅಷ್ಟು ಜೋರಾಗಿದ್ದರೆ ಅವಳೂ ಅಜ್ಜಿಯ ಗಾಡಿಯಲ್ಲೇ ಹೋಗಲಿ.

ಓಟ ಮುಗಿದು ಕ್ಯಾಂಪ್ ಸೇರುವ ನಡುವೆ ಸೂರ್ಯಾಸ್ತಕ್ಕೆಂದು ಗಾಡಿ ನಿಲ್ಲಿಸುತ್ತಾರೆ. ನವೆಂಬರಿನ ಮೊದಲ ವಾರಗಳಲ್ಲಿ ಅಲ್ಲಿ ಐದೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಇಡೀ ಸಂಜೆಯಲ್ಲಿ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸುವ ಹೊತ್ತು ಇದೇ. ಆದರೆ ಹೆಚ್ಚಿನವರು ಇದನ್ನು ಸೆಲ್ಫಿಯಲ್ಲಿ ಕಳೆದುಬಿಡುತ್ತಾರೆ. ಚಪ್ಪಲಿ ಬಿಟ್ಟು ಗುಂಪಿನಿಂದ ಐವತ್ತು ಹೆಜ್ಜೆ ಆಚೆ ನಡೆದು ನಿಂತುಕೊಳ್ಳಿ. ಮೇಲಿನ ಮರಳು ತಣ್ಣಗಾಗತೊಡಗಿರುತ್ತದೆ, ಬೆರಳು ಒಳಗೆ ತೂರಿಸಿದರೆ ಇನ್ನೂ ಬೆಚ್ಚಗೆ ತಾಕುತ್ತದೆ. ಗಾಳಿಯ ಗೆರೆಗಳ ನಡುವೆ ಜೀರುಂಡೆ ಓಡಿದ ಹೊಲಿಗೆಯಂಥ ಗುರುತು ಕಾಣುತ್ತದೆ. ನೇರ ಕ್ಯಾಂಪಿಗೆ ಹೋಗುವ ಅತ್ತೆಯವರಿಗೂ ಇದು ತಪ್ಪಬಾರದು. ಸೂರ್ಯ ಮುಳುಗುವ ಮೊದಲೇ ತಲುಪಿಸಲು ಹೇಳಿ, ಕ್ಯಾಂಪಿನ ಬೇಲಿಯಾಚೆಯೇ ಮರಳು ಇರುತ್ತದೆ.

ಕ್ಯಾಂಪಿನಲ್ಲಿ ಖರ್ಜೂರ, ಏಲಕ್ಕಿ ಹಾಕಿದ ಅರಬ್ಬೀ ಕಾಫಿ, ಮೆಹಂದಿ, ಹುಕ್ಕಾ, ಎರಡು ಸುತ್ತಿನ ಒಂಟೆ ಸವಾರಿ, ಗಿಡುಗದ ಜೊತೆ ಫೋಟೊ, ಆಮೇಲೆ ಊಟ, ಕುಣಿತ, ಬೆಂಕಿಯಾಟ. ಒಂಬತ್ತು ಒಂಬತ್ತೂವರೆಗೆ ಮನೆಗೆ ವಾಪಸ್. ಫೋಟೊ, ಕ್ವಾಡ್ ಬೈಕಿಗೆಲ್ಲ ಬೇರೆ ಹಣ. ಅಲ್ಲಿನ ಬೆಲ್ಲಿ ಡ್ಯಾನ್ಸ್, ಗಿರಗಿರನೆ ಸುತ್ತುವ ತನೂರಾ ಈಜಿಪ್ಟಿನ ಕಡೆಯವು, ಆ ಮರುಭೂಮಿಯ ಜನರದ್ದಲ್ಲ. ಅವರದ್ದೇ ಆದ ಅಯ್ಯಾಲ ಎಂಬ ಕೋಲಿನ ಕುಣಿತವನ್ನು 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದೆ. ಅಗ್ಗದ ಕ್ಯಾಂಪುಗಳಲ್ಲಿ ಅದು ಅಪರೂಪ. ಕುಣಿತ ಮನೆಮಂದಿಯ ಜೊತೆ ಮುಜುಗರ ಅನ್ನಿಸುವುದಾದರೆ ಕಾರ್ಯಕ್ರಮದ ಪಟ್ಟಿ ಮೊದಲೇ ಕೇಳಿ. ಸದ್ದು ಬೇಡ, ಮರುಭೂಮಿಯನ್ನೇ ನೋಡಬೇಕು ಎನ್ನುವವರಿಗೆ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶ ಇದೆ. 2003ರಲ್ಲಿ ಆದದ್ದು, 225 ಚದರ ಕಿ.ಮೀ. ವಿಸ್ತಾರ. ಅಲ್ಲಿ ಗಾಡಿಗಳನ್ನು ಮನಬಂದಂತೆ ಓಡಿಸುವಂತಿಲ್ಲ, ಬಿಳಿ ಆರಿಕ್ಸ್ ಜಿಂಕೆ ಕಾಣಸಿಗುತ್ತದೆ. ದರ ಹೆಚ್ಚು. ಅತ್ತೆಯವರಂಥವರಿಗೆ ನಾನು ಹೇಳುವುದು ಅದನ್ನೇ.

ಪ್ರಶ್ನೆ: ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಸಂಜೆ ಸಫಾರಿಯ ಪ್ಯಾಕೇಜಿನಲ್ಲಿ ‘ಜೈನ್ ಫುಡ್ ಸಿಗುತ್ತದೆ’ ಎಂದು ಬರೆದಿದ್ದಾರೆ. ನಂಬಬಹುದೇ? ಮನೆಯ ತಿಂಡಿ ಒಯ್ಯಬಹುದೇ?
– ಗೋಮಟೇಶ ವಿದ್ಯಾಪೀಠದ ಹತ್ತಿರ, ಹಿಂದವಾಡಿ

ಉತ್ತರ: ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಇಲ್ಲದ ಅಡುಗೆ ಮೊದಲೇ ಹೇಳಿದರೆ ಸಿಗುತ್ತದೆ. ಸಿಗದೇ ಇರುವುದು ಹೊತ್ತು. ಕ್ಯಾಂಪಿನ ಊಟ ಬಡಿಸುವುದು ಏಳರ ನಂತರ, ಅಷ್ಟರಲ್ಲಿ ಕತ್ತಲಾಗಿ ಬಹಳ ಹೊತ್ತಾಗಿರುತ್ತದೆ. ‘ಜೈನ್ ಫುಡ್’ ಎಂದು ಬರೆದವರು ಈ ನೇಮವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಎರಡು ದಾರಿ ಇವೆ. ಒಂದು, ಬೆಳಗಿನ ಸಫಾರಿ. ಅದರಲ್ಲಿ ದಿಬ್ಬದ ಓಟ, ಒಂಟೆ ಇರುತ್ತವೆ, ರಾತ್ರಿಯೂಟದ ಗೊಡವೆ ಇಲ್ಲ. ಇನ್ನೊಂದು, ಸಂಜೆಗೇ ಹೋಗಿ, ದಶಮಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸೂರ್ಯಾಸ್ತಕ್ಕೆ ಗಾಡಿ ನಿಲ್ಲುವ ಮೊದಲೇ ಉಂಡು ಮುಗಿಸುವುದು. ಆದರೆ ದಿಬ್ಬದ ಓಟಕ್ಕೆ ಮೊದಲು ಹೊಟ್ಟೆ ತುಂಬ ತಿನ್ನಬೇಡಿ. ಹೀಗಾಗಿ ನಿಮಗೆ ಬೆಳಗಿನದೇ ವಾಸಿ. ಸಂಜೆ ಮಾಂಸ ಸುಡುವ ಒಲೆಯೂ ಹೆಚ್ಚಿನ ಕ್ಯಾಂಪುಗಳಲ್ಲಿ ಇರುತ್ತದೆ, ಕೆಲವೆಡೆ ಸಸ್ಯಾಹಾರದ ಕೌಂಟರಿಗೆ ಅಂಟಿಕೊಂಡೇ.

ತಿಂಡಿಯ ಮಾತಿಗೆ ಬಂದರೆ ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಮನೆಯ ಹೆಂಗಸರಿಗೆಲ್ಲ ಓದಿ ಹೇಳಿ. ಯುಎಇಯಲ್ಲಿ ಗಸಗಸೆ ನಿಷಿದ್ಧ, ಅದನ್ನು ಮಾದಕವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ದೀಪಾವಳಿಗೆ ಮಾಡುವ ಅನಾರಸದ ಮೈತುಂಬ ಇರುವುದು ಗಸಗಸೆಯೇ. ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಗೂ ಅದನ್ನು ಹಾಕುವವರಿದ್ದಾರೆ. ಅಲ್ಲಿರುವವರು ಇಷ್ಟಪಡುತ್ತಾರೆಂದು ಡಬ್ಬಿ ತುಂಬಿ ಒಯ್ದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡರೆ ‘ಇದು ತಿಂಡಿ’ ಎಂಬ ಮಾತು ನಡೆಯುವುದಿಲ್ಲ. ಕುಂದಾ ಒಯ್ಯಿರಿ, ಅನಾರಸ ಬೇಡ.

ಪ್ರಶ್ನೆ: ನಮಸ್ಕಾರ್ರೀ. ಮೊಮ್ಮಗಾ ದುಬೈಕ್ಕ ಕರ್ಕೊಂಡ ಹೊಂಟಾನ. ಒಂಟಿ ಮ್ಯಾಲ ಕುಂಡ್ರಬೇಕಂತ ನನಗ ಭಾಳ ಆಸೆ ಐತಿ. ಸೀರಿ ಉಟ್ಕೊಂಡ ಹತ್ತಾಕ ಬರತೈತೇನ್ರೀ? ಮೊಣಕಾಲು ಸ್ವಲ್ಪ ನೋಯ್ತಾವ, ಮತ್ತ ಏನೂ ತೊಂದ್ರಿ ಇಲ್ಲ.
– ಅಜ್ಜಿ, ಶಹಾಪುರ, ಬೆಳಗಾವಿ

ಉತ್ತರ: ಹತ್ತಬಹುದು ತಾಯಿ. ನಿಮ್ಮ ಆಸೆ ಈಡೇರಲಿ. ಕಚ್ಚೆ ಸೀರೆ ಉಡುವವರಾದರೆ ಚಿಂತೆಯೇ ಇಲ್ಲ, ಕಾಲು ಎರಡೂ ಕಡೆ ಇಟ್ಟು ಕೂರಬೇಕಾಗುತ್ತದೆ. ಇಲ್ಲದಿದ್ದರೆ ಒಳಗೆ ಸಡಿಲವಾದ ಪೈಜಾಮ ಹಾಕಿಕೊಳ್ಳಿ.

ಮುಖ್ಯವಾದದ್ದು ಒಂಟೆ ಏಳುವ ಮತ್ತು ಕೂರುವ ಗಳಿಗೆ. ಒಂಟೆ ಮೊದಲು ಹಿಂಗಾಲು ಎತ್ತುತ್ತದೆ, ನೀವು ಒಮ್ಮೆಲೇ ಮುಂದಕ್ಕೆ ವಾಲುತ್ತೀರಿ. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಮುಂದಕ್ಕೇ ವಾಲುತ್ತೀರಿ. ಎರಡೂ ಸಲ ಹಿಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಬೆನ್ನನ್ನು ಹಿಂದಕ್ಕೆ ಒಗೆಯಿರಿ. ಬೀಳುವವರು ಹೆಚ್ಚಾಗಿ ಬೀಳುವುದು ಈ ಎರಡು ಗಳಿಗೆಯಲ್ಲೇ, ನಡೆಯುವಾಗ ಕಡಿಮೆ. ಮೊಮ್ಮಗನನ್ನು ಹಿಂದೆ ಕೂರಿಸಿಕೊಳ್ಳಿ. ಸವಾರಿ ಕೆಲವೇ ನಿಮಿಷದ್ದು, ಮೊಣಕಾಲು ತಡೆದುಕೊಳ್ಳುತ್ತದೆ. ಸೊಂಟಕ್ಕೆ ಆಪರೇಷನ್ ಆಗಿದ್ದರೆ ಮಾತ್ರ ಬೇಡ.

ಪ್ರಶ್ನೆ: ದುಬೈಯಷ್ಟು ಖರ್ಚು ನಮ್ಮಿಂದಾಗದು. ಜೈಸಲ್ಮೇರ್‌ನಲ್ಲಿ ಇದೇ ಅನುಭವ ಸಿಗುತ್ತದೆಯೇ?
– ಶಿಕ್ಷಕ, ಖಾನಾಪುರ

ಉತ್ತರ: ಇದೇ ಅನುಭವ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯದು ಸಿಗುತ್ತದೆ. ನಿಮ್ಮ ಕಡೆಯ ಕಣಕುಂಬಿಯ ಜಡಿಮಳೆ ಕಂಡವರು ನೀವು. ವರ್ಷವಿಡೀ ಸೇರಿದರೂ 200 ಮಿ.ಮೀ. ಆಸುಪಾಸು ಮಳೆ ಬೀಳುವ ನೆಲದಲ್ಲಿ ಜನ ಹೇಗೆ ಬದುಕು ಕಟ್ಟಿಕೊಂಡಿದ್ದಾರೆ ಎಂಬುದನ್ನು ನೋಡಲು ಜೈಸಲ್ಮೇರ್‌ಗೆ ಹೋಗಿ. ದುಬೈ ಕ್ಯಾಂಪಿನ ಸುತ್ತ ಊರಿಲ್ಲ, ಇಲ್ಲಿ ಊರುಗಳಿವೆ.

ಬೆಂಗಳೂರು–ಜೋಧಪುರ ರೈಲು ಬೆಳಗಾವಿಯ ಮೇಲೆಯೇ ಹಾದುಹೋಗುತ್ತದೆ. ವಾರದ ಎಲ್ಲ ದಿನ ಇಲ್ಲ, ದಿನ ನೋಡಿಕೊಳ್ಳಿ. ಜೋಧಪುರದಿಂದ ಇನ್ನೊಂದು ರೈಲು. ಎಲ್ಲರೂ ಹೋಗುವ ಸಮ್ ದಿಬ್ಬಗಳು ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ಅಲ್ಲಿ ಡೇರೆಗಳ ಸಾಲು, ಡಿಜೆ ಗದ್ದಲ. ನೀವು ಖೂರಿ ಕಡೆ ಹೋಗಿ, ಅದು ನಿಜವಾದ ಹಳ್ಳಿ, ಗದ್ದಲ ಕಡಿಮೆ. ಸಮ್ ಕಡೆ ತೆರೆದ ಜೀಪಿನ ಹಿಂದೆ ನಿಂತು, ಕಂಬಿ ಹಿಡಿದು ದಿಬ್ಬ ಹಾರಿಸುತ್ತಾರೆ. ಬೆಲ್ಟ್ ಇಲ್ಲದ ಗಾಡಿಯಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ, ಆದರೆ ಡಿಸೆಂಬರ್ ಜನವರಿಯ ರಾತ್ರಿ ಮೈ ಕೊರೆಯುವ ಚಳಿ, ಸ್ವೆಟರ್ ಇಲ್ಲದೆ ಹೋಗಬೇಡಿ. ಸಂಜೆ ಕುಣಿಯುವ ಕಾಲ್ಬೇಲಿಯಾ ಜನರ ಹಾಡು ಕುಣಿತ 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ, ಅದು ಆ ಮಣ್ಣಿನದ್ದೇ.

ಶಿಕ್ಷಕರಾದ್ದರಿಂದ ಇನ್ನೊಂದು ವಿಷಯ ಹೇಳುತ್ತೇನೆ, ಮಕ್ಕಳಿಗೆ ತಿಳಿಸಿ. ಊಟದ ತಟ್ಟೆಗೆ ಕೇರ್ ಸಾಂಗ್ರಿ ಎಂಬ ಪಲ್ಯ ಬರುತ್ತದೆ. ಸಾಂಗ್ರಿ ಎಂದರೆ ಖೇಜಡಿ ಮರದ ಒಣಗಿಸಿದ ಕಾಯಿ. ಖೇಜಡಿ ರಾಜಸ್ಥಾನದ ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡಲಿಯಲ್ಲಿ ಈ ಮರ ಕಡಿಯಲು ಬಂದವರನ್ನು ತಡೆದು 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಅದೇ ಮರ ಯುಎಇಯ ರಾಷ್ಟ್ರವೃಕ್ಷವೂ ಹೌದು, ಅಲ್ಲಿ ಗಾಫ್ ಎನ್ನುತ್ತಾರೆ. ನಾವು ದಸರೆಗೆ ಪೂಜೆ ಮಾಡುವ ಬನ್ನಿ ಮರವೂ ಇದೇ. ನೀರಿಲ್ಲದ ಕಡೆ ಬೇರನ್ನು ಬಲು ಆಳಕ್ಕೆ ಇಳಿಸಿ ಬದುಕುವ ಮರ. ಸಫಾರಿಯ ಗಾಡಿಯವರು ಇದನ್ನು ತೋರಿಸುವುದಿಲ್ಲ, ನೀವೇ ಕೇಳಿ ಗಾಡಿ ನಿಲ್ಲಿಸಲು ಹೇಳಿ.

ಪ್ರಶ್ನೆ: ಫೆಬ್ರುವರಿ ಕೊನೆಗೆ ದುಬೈಗೆ ಹೋಗುತ್ತಿದ್ದೇವೆ. ಹೆಂಡತಿ ಆಗ ನಾಲ್ಕು ತಿಂಗಳ ಗರ್ಭಿಣಿ. ಮುಂದಿನ ಸೀಟಿನಲ್ಲಿ ಕೂತರೆ ತೊಂದರೆ ಇಲ್ಲ ಎಂದು ಏಜೆಂಟ್ ಹೇಳುತ್ತಾರೆ.
– ಟಿಳಕವಾಡಿ

ಉತ್ತರ: ತೊಂದರೆ ಇದೆ. ಯಾವ ಸೀಟೂ ಬೇಡ, ಒಂಟೆಯೂ ಬೇಡ. ಗರ್ಭಿಣಿಯರನ್ನು ದಿಬ್ಬದ ಓಟಕ್ಕೆ ಹತ್ತಿಸುವುದಿಲ್ಲ ಎಂದು ಜವಾಬ್ದಾರಿಯುತ ಕಂಪನಿಗಳೇ ನಿಯಮ ಮಾಡಿಕೊಂಡಿವೆ. ಹತ್ತಿಸುತ್ತೇನೆ ಎನ್ನುವ ಏಜೆಂಟನಿಗೆ ನಿಮ್ಮ ಮುಂಗಡ ಕೊಡಬೇಡಿ. ಡಾಕ್ಟರರು ಒಪ್ಪಿದರೆ ರಸ್ತೆಯಲ್ಲೇ ಕ್ಯಾಂಪಿಗೆ ಹೋಗಿ ಕೂತು ಬನ್ನಿ. ಆ ದಿನಗಳಲ್ಲಿ ರಂಜಾನ್ ಇದೆಯೇ ಎಂದೂ ನೋಡಿಕೊಳ್ಳಿ. ಇದ್ದರೆ ಕುಣಿತ, ಸಂಗೀತ ಸಾಮಾನ್ಯವಾಗಿ ನಿಂತಿರುತ್ತವೆ, ಆಗ ಪೂರ್ತಿ ದುಡ್ಡು ಕೊಡಬೇಕಿಲ್ಲ. ಮಗು ಹುಟ್ಟಿ ಮೂರು ನಾಲ್ಕು ವರ್ಷವಾಗಲಿ, ಮೂವರೂ ಹೋಗಿ ದಿಬ್ಬ ಹತ್ತಿ.